ಟೈಲರ್ ಅಂದ್ರ ಯಾರು?

ನಮ್ಮ ರಾಯದುರ್ಗದಾಗ ಕರೆಂಟ್ ಹೋಗಿ ಮಿಷಿನ್ ನಿಂತ್ರೂ ಇಂಥ ವಾದ ನಿಲ್ಲಂಗಿಲ್ಲ. ಡಿಗ್ರಿ ಅರ್ಧಕ್ಕ ಬಿಟ್ಟು ಜೀನ್ಸ್ ಯೂನಿಟ್ಟಿನಾಗ ಗುಂಡಿ ಹಚ್ಚಾಕ ಕುಂತೋನು ನಾನು. ಕಾಲೇಜಿನಿಂದ ತಂದದ್ದು ಒಂದ, ಲೈಬ್ರರಿಗೆ ವಾಪಸ್ ಕೊಡದ ಇಂಗ್ಲಿಷ್ ಡಿಕ್ಷನರಿ.

1. ಕತ್ತರಿ

ಊಟದ ಹೊತ್ತಿನಾಗ ಓದಿ ಹೇಳಿದೆ. ಟೈಲರ್ ಅನ್ನೋದು ಹಳೇ ಮಾತು, ಫ್ರೆಂಚಿನೋರಿಂದ ಇಂಗ್ಲಿಷಿಗೆ ಬಂದದ್ದು, ಮೂಲ ಅರ್ಥ ಕತ್ತರಿಸೋನು. ಹೊಲಿಗಿ ಆಮ್ಯಾಲ ಸೇರಿಕೊಂಡದ್ದು.

ಕಟಿಂಗ್ ಮಾಸ್ತರು ರೊಟ್ಟಿ ಮುರಿಯೋದು ನಿಲ್ಸಿದ್ರು. "ಅಂದ್ರ ಇಲ್ಲಿ ಟೈಲರ್ ನಾನೊಬ್ಬನ?"

"ಹೌದ್ರಿ."

"ಮಿಷಿನ್ ಮ್ಯಾಲ ಕುಂತೋರು?"

"ಬುಕ್ಕಿನಾಗ ಅವರ ಸುದ್ದಿ ಇಲ್ರಿ."

ಊಟ ಆದಮ್ಯಾಲ ಒಬ್ಬರೂ ಮಿಷಿನ್ ತುಳಿಲಿಲ್ಲ. ಓನರ್ ನನ್ನ ಕರೆದು, "ಓದಿದ್ದು ಮರೆಯಾಕ ನಿನಗ ಎಷ್ಟು ದಿನ ಬೇಕು?" ಅಂದ್ರು.

"ಪರೀಕ್ಷಿ ಇಟ್ಟು ನೋಡ್ರಿ, ಈಗ ಮರೀತೀನಿ."

2. ಎಡಗಡಿ ಜೇಬು

ನಮ್ಮ ದೊಡ್ಡಪ್ಪನ ಮಗ, ನಮ್ಮಣ್ಣ, ಬೆಂಗಳೂರು ಗಾರ್ಮೆಂಟ್ಸಿನಾಗ ಆರು ವರ್ಷ ದುಡಿದು ಬಂದ. ಅಲ್ಲಿ ಪ್ಯಾಂಟು ಸಾಲಾಗಿ ಮುಂದ ಮುಂದ ಹೋಗತೈತಿ, ಒಬ್ಬೊಬ್ರಿಗೆ ಒಂದೊಂದು ತುಂಡು. ಇವನದು ಎಡಗಡಿ ಜೇಬು. ಕತ್ತರಿಸೋನು ಅಂತ ಹುಟ್ಟಿದ ಮಾತು ಬೆಂಗಳೂರಿಗೆ ಬರೋ ಹೊತ್ತಿಗೆ ಅಷ್ಟಕ್ಕ ಇಳಿದಿತ್ತು.

"ಬಲಗಡಿ ಜೇಬೂ ಕಲಿಬೇಕಿತ್ತಲ್ಲಣ್ಣ?"

"ಪಕ್ಕದೋನ ಹೊಟ್ಟಿ ಮ್ಯಾಲ ಹೊಡಿಲೇನು?" ಅಂದ.

3. ಪ್ಯಾಂಟು

ಅವನಿಗೆ ಮಡಕಶಿರಾ ಕಡೆ ಹೆಣ್ಣು ನೋಡಾಕ ಹೋದ್ವಿ. ಹುಡುಗಿ ಬಂದು ಕುಂತಳು. ಅಣ್ಣ ಉಪ್ಪಿಟ್ಟಿನ ತಟ್ಟಿ ಕೆಳಗಿಟ್ಟ. ಅವನು ಹಂಗ ಉಪ್ಪಿಟ್ಟು ಬಿಟ್ಟದ್ದು ನಾನು ನೋಡಿಲ್ಲ.

"ಗಂಡು ಟೈಲರ್ರು" ಅಂದೆ.

"ನಮ್ಮುಡುಗೀನೂ ಟೈಲರ್ರೇ" ಅಂತ ಹುಡುಗಿ ಸೋದರಮಾವ ಬಟ್ಟೆ ತಂದಿಟ್ರು. "ಮದ್ವೇಗೆ ಹಾಕ್ಕಳಾಕೆ ನಂಗೊಂದು ಪ್ಯಾಂಟ್ ಹೊಲ್ಕೊಡಪ್ಪ. ಮಿಷಿನ್ ಒಳಗೈತೆ. ಕೆಲ್ಸ ನೋಡಿ ಮಾತಾಡಾನ."

ಅಣ್ಣ ನನ್ನ ಮುಖ ನೋಡಿದ.

"ಯಜಮಾನ್ರ, ಟೈಲರ್ ಅಂದ್ರ ಮೂಲದಾಗ ಬರೇ ಕತ್ತರಿಸೋನ್ರಿ" ಅಂದೆ.

"ಕತ್ತರಿಸ್ಲಿ, ಅದ್ಕೇನಂತೆ."

ಅಣ್ಣ ಜೀವಮಾನದಾಗ ಕತ್ತರಿ ಹಿಡಿದೋನಲ್ಲ. ಒಳಗ ಹೋಗಿ ಒಂದು ಗಂಟಿ ಬಿಟ್ಟು ಬಂದ. ಕೈಯಾಗ ಒಂದು ಜೇಬು. ಮಾವ ಕೈ ಹಾಕಿ ನೋಡಿದ್ರು.

"ಜೇಬು ಚೆನ್ನಾಗೈತೆ. ಪ್ಯಾಂಟ್ ಎಲ್ಲಿ?"

"ನನ್ನ ಕೆಲಸ ಅಷ್ಟರಿ" ಅಂತ ಅಣ್ಣ ತಲಿ ಬಗ್ಗಿಸಿದ. ಎದ್ದು ಹೋಗೋದೊಂದ ಬಾಕಿ.

ಅಷ್ಟೊತ್ತಿಗೆ ಹುಡುಗಿ ಬಾಯಿ ಬಿಟ್ಟಳು. "ಮಾವ, ನಾನೂ ಫ್ಯಾಕ್ಟ್ರೀಲಿ ಜಿಪ್ಪು ಒಂದೇ ಹಾಕಾದು. ನನ್ನೂ ಟೈಲರ್ ಅಂತ್ಲೇ ಅಲ್ವಾ ನೀನು ಹೇಳಿದ್ದು?"

ಮಾವ ಜೇಬು ತಿರುವಿ ನೋಡಿದ್ರು. "ಜೇಬಾತು, ಜಿಪ್ಪಾತು. ಕಾಲು ಯಾರು ಹೊಲಿಯಾದು?"

"ಎರಡು ಮಕ್ಕಳಾಗ್ಲಿ ತಡೀರಿ, ಒಂದೊಂದನ್ನ ಒಂದೊಂದು ಕಾಲು ಹೊಲಿಯಾಕ ಹಚ್ಚಿದ್ರಾತು" ಅಂದೆ.

ಹೆಣ್ಣು ಕೊಟ್ರು. ಮದುವಿಗೆ ಮಾವ ಪಂಚೆ ಉಟ್ಕೊಂಡ ಬಂದಿದ್ರು.