ಕನ್ಯಾ ನೋಡಲು ಹೋದ ಕ್ಯಾಡಿಲ್ಯಾಕ್

ಎಲ್ಲ ಅನಾಹುತಕ್ಕೂ ಕಾರಣ ಅನಿಲಕುಮಾರನ ಸೋದರಮಾವ ಅಜ್ಜಪ್ಪನ ನಾಲಿಗೆ. ಗಜೇಂದ್ರಗಡದ ನೀಲಪ್ಪನವರ ಮನೆಗೆ ಸಂಬಂಧ ಕೇಳಲು ಹೋದವನು ಹುಡುಗನ ಗುಣ, ನರಗುಂದದ ಕಾಳಿನ ಅಂಗಡಿ, ಕಾಲುವೆ ನೀರಿನ ಹೊಲ ಇಷ್ಟನ್ನು ಹೇಳಿ ಎದ್ದು ಬಂದಿದ್ದರೆ ಸಾಕಿತ್ತು. ಚಹದ ಕಪ್ಪು ಕೆಳಗಿಡುತ್ತ, "ನಮ್ಮ ಹುಡುಗನ ಕಡೆ ಅಮೇರಿಕಾದ ಕ್ಯಾಡಿಲ್ಯಾಕ್ ಕಾರು ಐತ್ರಿ, ಹಿಂದಿನ ಕಾಲದ್ದು" ಎಂದುಬಿಟ್ಟ. ಅಲ್ಲಿಯ ತನಕ ಒಳಗಿದ್ದ ಹುಡುಗಿ ಶ್ವೇತಾ ಬಾಗಿಲಿಗೆ ಬಂದು, "ಓಡತೈತೇನ್ರಿ?" ಎಂದು ಕೇಳಿದಳು. ಕನ್ಯೆಯೇ ಬಾಯಿಬಿಟ್ಟು ಕೇಳಿದ ಮೇಲೆ ಅಜ್ಜಪ್ಪ ಇಲ್ಲ ಎನ್ನುವವನೇ?

"ಓಡತೈತೇನ್ರಿ ಅಂದ್ರ! ಕುದರಿ ಹಂಗ ಓಡತೈತಿ!"

"ಹಂಗಾರ ಐತವಾರ ಹುಡುಗನ್ನ ಅದರಾಗ ಕರಕೊಂಡು ಬರ್ರಿ" ಎಂದರು ನೀಲಪ್ಪನವರು.

ಸುದ್ದಿ ಕೇಳಿ ಅನಿಲಕುಮಾರ ತಲೆಯ ಮೇಲೆ ಕೈಹೊತ್ತು ಕುಳಿತ. ನೌಕರಿ ಇರುವ ಗಂಡೇ ಬೇಕೆನ್ನುವ ಕಾಲವಿದು. ಅವನಿಗೆ ಬಂದ ಸಂಬಂಧಗಳೆಲ್ಲ ಫೋಟೋದ ಮಟ್ಟದಲ್ಲೇ ನಿಂತುಹೋಗಿದ್ದವು. ಮನೆತನಕ ಬನ್ನಿ ಎಂದವರು ಇವರೇ ಮೊದಲು. ಹುಡುಗಿಯ ಫೋಟೋ ಬೇರೆ ಅವನ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ತಂದೆಯ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಗಲ್ಲೆಯ ಮೇಲೆ ಕೂತು, ಕೈಯಲ್ಲೊಂದು ಬೇರಿಂಗ್ ಹಿಡಿದು ನಕ್ಕ ಫೋಟೋ ಅದು. ಈ ಹುಡುಗಿ ಕೈತಪ್ಪಿದರೆ ಇನ್ನು ತನ್ನ ಗತಿ ಇಷ್ಟೇ ಎಂದು ಅವನಿಗೆ ಖಾತ್ರಿಯಾಗಿತ್ತು.

ಕಾರು ತಂದದ್ದು ಶೇಂಗಾ ವ್ಯಾಪಾರಿಯಾಗಿದ್ದ ಅವನ ಅಜ್ಜ. ಎಲ್ಲಿಂದ ತಂದ, ಯಾಕೆ ತಂದ ಎಂದು ಅಜ್ಜ ಯಾರಿಗೂ ಬಾಯಿಬಿಡಲಿಲ್ಲ. ಯಾವುದೋ ಸಂಸ್ಥಾನಿಕರದು ಎಂದು ಕೆಲವರು, ಮುಂಬಯಿಯ ಗಿರಣಿ ಮಾಲಕರದು ಎಂದು ಕೆಲವರು ಹೇಳುತ್ತಿದ್ದರು. ಬಂದಾಗಲೂ ಎತ್ತು ಹೂಡಿಕೊಂಡೇ ಬಂದಿತ್ತಂತೆ. ಆಮೇಲೆ ಗೋದಾಮಿನಲ್ಲಿ ಕಡಲೆ ಚೀಲಗಳ ನಡುವೆ ಹೂತುಹೋಗಿದ್ದ ಅದನ್ನು ಅನಿಲಕುಮಾರ ಕೆಲವು ವರ್ಷಗಳ ಹಿಂದೆ ಹೊರಗೆಳೆದು, ಟ್ರ್ಯಾಕ್ಟರ್ ಮೇಸ್ತ್ರಿ ಮದರಸಾಬನನ್ನು ಜೊತೆಗಿಟ್ಟುಕೊಂಡು ರಿಪೇರಿಗೆ ಕೂತ. ಅಮೇರಿಕದ ಸಾಮಾನು ನರಗುಂದದಲ್ಲಿ ಎಲ್ಲಿ ಸಿಗಬೇಕು? ಫ್ಯಾನ್ ಬೆಲ್ಟು ಹಿಟ್ಟಿನ ಗಿರಣಿಯದಾಯಿತು, ಬ್ಯಾಟರಿ ಟ್ರ್ಯಾಕ್ಟರಿನದಾಯಿತು, ಗ್ಯಾಸ್ಕೆಟ್ಟುಗಳನ್ನು ದಪ್ಪ ಲಗ್ನಪತ್ರಿಕೆ ಕತ್ತರಿಸಿ ಮಾಡಿದರು. ಊರವರ ಲಗ್ನಪತ್ರಿಕೆಗಳೆಲ್ಲ ಇಂಜಿನ್ನಿನೊಳಗೆ ಹೋಗುತ್ತಿದ್ದರೂ ತನ್ನದೊಂದು ಇನ್ನೂ ಅಚ್ಚಾಗಲಿಲ್ಲವಲ್ಲ ಎಂಬ ವ್ಯಸನ ಅವನಿಗೆ ಇದ್ದೇ ಇತ್ತು.

ಇಷ್ಟೆಲ್ಲ ಆಗಿ ಇಂಜಿನ್ನು ಗುಡುಗುಡು ಎಂದದ್ದೂ ನಿಜ. ಆದರೆ ಪೆಟ್ರೋಲ್ ಹಾಕುವ ಬಾಯಿ ಎಲ್ಲಿದೆ ಎಂಬುದು ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. ಕೆಳಗೆ ಟ್ಯಾಂಕಿ ಇತ್ತು. ಅದರಿಂದ ಹೊರಟ ಕೊಳವೆ ಹಿಂದಿನ ರೆಕ್ಕೆಯಂಥ ಭಾಗದೊಳಗೆ ಹೊಕ್ಕು ಮಾಯವಾಗುತ್ತಿತ್ತು. ಹೊರಗಿನಿಂದ ನೋಡಿದರೆ ಮುಚ್ಚಳವಿಲ್ಲ, ತೂತಿಲ್ಲ, ಬರೀ ನುಣ್ಣನೆಯ ತಗಡು. "ಒಂದ ಸಲ ಉಳಿ ಹಚ್ಚಿ ಕೊರದ ಬಿಡ್ತೀನ್ರಿ" ಎಂದು ಮದರಸಾಬ ಎಷ್ಟು ಸಲ ಹೇಳಿದರೂ ಅನಿಲಕುಮಾರ ಒಪ್ಪಿರಲಿಲ್ಲ. ಅದಕ್ಕೇ ಮದರಸಾಬ ಬೇರೆ ಉಪಾಯ ಹೂಡಿದ. ಒಂದು ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲ್, ಅದರಿಂದ ಒಂದು ರಬ್ಬರ್ ನಳಿಗೆ, ನಳಿಗೆ ನೇರ ಇಂಜಿನ್ನಿಗೆ. ಕ್ಯಾನನ್ನು ಯಾರಾದರೂ ಎತ್ತಿ ಹಿಡಿದಿರಬೇಕು, ಅಷ್ಟೇ. ದವಾಖಾನೆಯಲ್ಲಿ ಸಲಾಯಿನ್ ಬಾಟಲಿ ಹಿಡಿದು ರೋಗಿಯ ಜೊತೆ ನಡೆಯುವ ಸಂಬಂಧಿಕರಂತೆ.

ಐತವಾರ ಬೆಳಿಗ್ಗೆ ಓಣಿಗೆ ಓಣಿಯೇ ಸೇರಿತು. ಅಮೇರಿಕದ ಕಾರಾದ್ದರಿಂದ ಸ್ಟಿಯರಿಂಗು ಎಡಗಡೆ ಇತ್ತು. ಅನಿಲಕುಮಾರ ಎಡಕ್ಕೆ ಕೂತ. ಬಲಕ್ಕೆ ಮದರಸಾಬ ಕ್ಯಾನನ್ನು ತಲೆಯ ಮೇಲೆತ್ತಿ ಕೂತ. ಹಿಂದೆ ಅಜ್ಜಪ್ಪ ರೇಷ್ಮೆ ರುಮಾಲು ಸುತ್ತಿ, ಹೂವು ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತ. ಕಾರು ಒಂದು ಸಲ ಕೆಮ್ಮಿ ಹೊರಟಿತು.

ಊರು ದಾಟುವುದರೊಳಗೆ ಒಂದು ಸತ್ಯ ತಿಳಿದುಬಂತು. ಕಾರಿನ ವೇಗ ಇರುವುದು ಅನಿಲಕುಮಾರನ ಕಾಲಿನಲ್ಲಲ್ಲ, ಮದರಸಾಬನ ಕೈಯಲ್ಲಿ. ಕೈ ಮೇಲಿದ್ದರೆ ಕಾರು ಓಡುತ್ತಿತ್ತು, ಕೈ ಸೋತು ಇಳಿದರೆ ಕಾರೂ ಸೋಲುತ್ತಿತ್ತು.

"ಮದರಸಾಬ, ಕೈ ಮ್ಯಾಲ!"

"ಕೈಯೇನ ಕಬ್ಬಿಣದ್ದ ಐತೇನ್ರಿ, ಅಣ್ಣಾರ?"

ಎದುರಿಗೆ ಬಂದವರೆಲ್ಲ ಬೈಕು ನಿಲ್ಲಿಸಿ ನೋಡಿದರು. ಬಲಗಡೆ ಡ್ರೈವರ್ ಇರಬೇಕಾದ ಜಾಗದಲ್ಲಿ ಸ್ಟಿಯರಿಂಗೇ ಇಲ್ಲದೆ, ಕೈ ಮೇಲೆತ್ತಿಕೊಂಡು ಬರುತ್ತಿದ್ದ ಮದರಸಾಬನನ್ನು ಕಂಡು ಒಬ್ಬ ಮುದುಕ ಕೈಮುಗಿದೇ ಬಿಟ್ಟ.

ರೋಣದ ಪೆಟ್ರೋಲ್ ಬಂಕಿನಲ್ಲಿ ಕ್ಯಾನು ತುಂಬಿಸಲೆಂದು ನಿಲ್ಲಿಸಿದ್ದೇ ತಪ್ಪಾಯಿತು. ಬಂಕಿನ ಹುಡುಗಿ ಗೌತಮಿ, "ಕ್ಯಾನಿಗ ಯಾಕ್ರಿ, ಗಾಡಿಗೇ ಹಾಕ್ತೀನಿ, ಬಾಯಿ ತಗೀರಿ" ಎಂದಳು. ಬಾಯಿ ಸಿಕ್ಕಿಲ್ಲವೆಂದು ಅಜ್ಜಪ್ಪ ಹೇಳಿದ. ಮುಗಿಯಿತು. ಪೆಟ್ರೋಲ್ ಹಾಕಿಸಲು ಬಂದವರು ಹಾಕಿಸುವುದನ್ನು ಬಿಟ್ಟರು, ಬಸ್ಸಿಗೆ ನಿಂತವರು ಬಸ್ಸನ್ನು ಬಿಟ್ಟರು. ಎಲ್ಲರೂ ಕಾರಿನ ಮೈಮೇಲೆ ಕೈಯಾಡಿಸತೊಡಗಿದರು.

"ನಂಬರ್ ಪ್ಲೇಟಿನ ಹಿಂದ ನೋಡ್ರಿ, ನಮ್ಮ ಕಾಕಾನ ಗಾಡಿಗೆ ಅಲ್ಲೇ ಇತ್ತು."

"ಅಲ್ಲೆಲ್ಲೈತ್ರಿ? ಸೀಟಿನ ತೆಳಗ ಇರತೈತಿ."

"ಅಮೇರಿಕಾದವ್ರು ಶಾಣ್ಯಾರು. ಒಮ್ಮೆ ತುಂಬಿ ಕಳಿಸಿದ್ರ ಜನ್ಮಕ್ಕ ಸಾಕು ಅಂತ ಬಾಯೇ ಇಟ್ಟಿಲ್ಲ ಕಾಣತೈತಿ."

ಒಬ್ಬ ಡಿಕ್ಕಿಯೊಳಗೆ ಇಳಿದು ಹುಡುಕಿದ. ಯಾರೋ ಡಿಕ್ಕಿ ಮುಚ್ಚಿದರು. ಅದು ಒಳಗಿನಿಂದ ತೆರೆಯುವಂಥದ್ದಲ್ಲ. ಅವನನ್ನು ಹೊರಗೆ ತೆಗೆಯುವುದರಲ್ಲಿ ಹೊತ್ತು ಏರಿತು, ಅನಿಲಕುಮಾರನ ಬಿಳಿ ಅಂಗಿ ಕರಿ ಅಂಗಿಯಾಯಿತು. ಹೊರಬಂದವನು ಬೆವರೊರೆಸಿಕೊಳ್ಳುತ್ತ, "ಒಳಗ ಜಾಗಾ ಭಾಳ ಚಲೋ ಐತ್ರಿ" ಎಂದ. ಬಾಯಿ ಮಾತ್ರ ಸಿಗಲಿಲ್ಲ. ಕಡೆಗೆ ಕ್ಯಾನನ್ನೇ ತುಂಬಿಸಿಕೊಂಡು ಹೊರಟರು.

ಸೂಡಿಯ ಹತ್ತಿರ ಮದರಸಾಬನ ಕೈ ಪೂರ್ತಿ ಮರಗಟ್ಟಿತು. ಅಜ್ಜಪ್ಪನ ಪಾಳಿ ಬಂತು. ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಗಾಳಿಗೆ ಹಾರುವ ರುಮಾಲು ಹಿಡಿದು ಅವನು ಬಲಗಡೆ ಕೂತ. ತಗ್ಗಿನಲ್ಲಿ ಕಾರು ಜಿಗಿದಾಗ ಯಾವುದನ್ನು ಬಿಡಬೇಕೆಂದು ತಿಳಿಯದೆ ಎರಡನ್ನೂ ಬಿಟ್ಟ. ಅರ್ಧ ಪೆಟ್ರೋಲ್ ಅನಿಲಕುಮಾರನ ಮೈಮೇಲೆ ಬಿತ್ತು, ರುಮಾಲು ಜೋಳದ ಹೊಲಕ್ಕೆ ಹೋಯಿತು. ಲಕ್ಕಲಕಟ್ಟಿಯಲ್ಲಿ ರೇಡಿಯೇಟರ್ ಕುದಿಯಿತು. ನೀರು ಕೊಟ್ಟ ರೈತ ಮೈಲಾರಪ್ಪ ಬಾನೆಟ್ಟಿನೊಳಗೆ ಬಗ್ಗಿ ನೋಡಿ, "ಇದರಾಗ ನಮ್ಮ ಮಗಳ ಲಗ್ನಪತ್ರಿಕಿ ಐತಲ್ರಿ!" ಎಂದು ಬೆರಗಾದ. ಆ ಪುಣ್ಯಾತ್ಮನಿಗೆ ಅದನ್ನೆಲ್ಲ ವಿವರಿಸುತ್ತ ನಿಲ್ಲಲು ಸಮಯವಿರಲಿಲ್ಲ.

ಗಜೇಂದ್ರಗಡದಲ್ಲಿ ನೀಲಪ್ಪನವರ ಮನೆಯ ಮುಂದೆ ಕಾರು ನಿಂತಾಗ ಅನಿಲಕುಮಾರನ ವೇಷ ವರನದಾಗಿರಲಿಲ್ಲ. ಮೈಯೆಲ್ಲ ಮಸಿ, ಪೆಟ್ರೋಲ್ ವಾಸನೆ. ಆದರೆ ಶ್ವೇತಾ ಅವನನ್ನು ನೋಡಿದರೆ ತಾನೇ! ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ಬಾನೆಟ್ಟಿಗೆ ಬಂದಳು.

"ಬೆಲ್ಟ್ ಯಾವದ್ರಿ ಇದು?"

"ಹಿಟ್ಟಿನ ಗಿರಣೀದ್ರಿ" ಎಂದ ಅನಿಲಕುಮಾರ, ನಾಚಿಕೊಂಡು.

"ಹ್ಯಾಂಗ ಹೊಂದಿಸಿದ್ರಿ ಮತ್ತ? ಅಳತಿ ದೊಡ್ಡದಾಗಂಗಿಲ್ಲೇನು?"

"ನಡುವ ಬಾವಿ ಹಗ್ಗದ ಗಾಲಿ ಒಂದು ಕೂಡಿಸೇನ್ರಿ."

ಅವಳ ಕಣ್ಣು ಅರಳಿದವು. ಹೀಗೆ ತನ್ನ ಮಾತು ಕೇಳಿ ಒಂದು ಹೆಣ್ಣಿನ ಕಣ್ಣು ಅರಳಿದ್ದನ್ನು ಅನಿಲಕುಮಾರ ಜೀವಮಾನದಲ್ಲಿ ಮೊದಲ ಸಲ ಕಂಡ. ಎದೆ ಹಿಗ್ಗಿತು. ಅವಳು ಕೇಳುತ್ತ ಹೋದಳು, ಅವನು ಹೇಳುತ್ತ ಹೋದ. ನೀಲಪ್ಪನವರು ಮಾತ್ರ ಹಿಂದಿನ ಸೀಟಿನಲ್ಲಿ ಹೋಗಿ ಕೂತು, ಸೀಟಿನ ಚರ್ಮದ ವಾಸನೆ ನೋಡುತ್ತಿದ್ದರು.

ಅಷ್ಟರಲ್ಲಿ ಒಳಗಿನಿಂದ ಅವರ ತಾಯಿ, ಎಂಬತ್ತು ದಾಟಿದ ಕಲ್ಲವ್ವ, ಕೋಲೂರಿಕೊಂಡು ಬಂದಳು. ಕಾರನ್ನು ನೋಡಿದಳು. ಹಿಂದುಗಡೆ ಹೋಗಿ ಎಡಗಡೆಯ ಕೆಂಪು ದೀಪದ ಕೆಳಗೆ ಹೆಬ್ಬೆರಳಿನಿಂದ ಒತ್ತಿದಳು. ದೀಪ ಟಕ್ಕೆಂದು ಮೇಲೆದ್ದಿತು. ಒಳಗೆ ಪೆಟ್ರೋಲ್ ಬಾಯಿ ಇತ್ತು!

ಮದರಸಾಬ ನೆಲದ ಮೇಲೆ ಕೂತುಬಿಟ್ಟ. "ಯವ್ವಾ, ನಿಮಗ ಹ್ಯಾಂಗ ಗೊತ್ತು?"

"ಗೊತ್ತಿಲ್ಲದ ಏನ? ಈ ಶನಿ ನಮ್ಮನೀದು" ಎಂದಳು ಕಲ್ಲವ್ವ. "ನಮ್ಮ ಮನಿಯವರು ಎಲ್ಲಿಂದಲೋ ತಂದಿದ್ರು. ಮೂರು ಹೊತ್ತೂ ಇದರ ತೆಳಗ ಮಲಗಿರತಿದ್ರು. ನಾ ಸಂಸಾರ ಮಾಡಿದ್ದು ಅವರ ಎರಡು ಕಾಲಿನ ಜೋಡಿ. ಮಾರಿ ನೋಡಿದ್ದು ಕಡಿಮಿ. ಒಂದಿನ ಅವರು ಊರಾಗಿಲ್ಲದಾಗ ನರಗುಂದದಿಂದ ಒಬ್ಬ ಶೇಂಗಾ ವ್ಯಾಪಾರಿ ಬಂದ. ಒಂದು ಎಮ್ಮಿ ಇಸ್ಕೊಂಡು ಗಾಡಿ ಕೊಟ್ಟಬಿಟ್ಟೆ. ಎಮ್ಮಿ ಹಾಲರೆ ಕೊಡ್ತು."

ತನ್ನ ಅಜ್ಜ ಯಾಕೆ ಯಾರಿಗೂ ಬಾಯಿಬಿಡಲಿಲ್ಲವೆಂದು ಅನಿಲಕುಮಾರನಿಗೆ ಈಗ ತಿಳಿಯಿತು. ಎಮ್ಮೆ ಕೊಟ್ಟು ಈ ಕಾರು ತಂದೆ ಎಂದು ಯಾವ ವ್ಯಾಪಾರಿ ತಾನೇ ಹೇಳಿಕೊಂಡಾನು?

ಕಲ್ಲವ್ವ ಕೋಲನ್ನು ನೆಲಕ್ಕೆ ಕುಟ್ಟಿದಳು. "ನೀಲಪ್ಪಾ, ಈ ಗಾಡಿ ಇರೋ ಮನಿಗೆ ನನ್ನ ಮೊಮ್ಮಗಳನ್ನ ಕೊಡಂಗಿಲ್ಲ. ಆಕಿನೂ ನನ್ನಂಗ ಕಾಲು ನೋಡಕೋತ ಕೂಡೂದು ಬ್ಯಾಡ."

ಅಜ್ಜಪ್ಪ ಬುಟ್ಟಿ ಹಿಡಿದು ಎದ್ದ. ಮದರಸಾಬ ಕ್ಯಾನಿನ ಮುಚ್ಚಳ ಹಾಕಿದ. ಅನಿಲಕುಮಾರ ಕಾರನ್ನು ನೋಡಿದ, ಶ್ವೇತಾಳನ್ನು ನೋಡಿದ. ವರ್ಷಗಟ್ಟಲೆ ಬೆರಳು ಜಜ್ಜಿಕೊಂಡು ಎಬ್ಬಿಸಿದ ಕಾರು ಅದು. ಆದರೂ ಗಟ್ಟಿ ಮನಸ್ಸು ಮಾಡಿ, "ಅಮ್ಮಾರ, ಗಾಡಿ ನಮ್ಮ ಮನಿಯಾಗ ಇರೂದಿಲ್ಲ. ಇವತ್ತೇ ಗುಜರಿಗೆ ಹಾಕ್ತೀನಿ" ಎಂದ.

ಹಿಂದಿನ ಸೀಟಿನಿಂದ ನೀಲಪ್ಪನವರು ಕೂಗಿಕೊಂಡರು. "ಗುಜರಿಗ್ಯಾಕ? ನಾ ಆಡಿ ಬೆಳದ ಗಾಡಿ ಇದು. ಅವ್ವ ಕೊಟ್ಟ ದಿನ ಊಟಾ ಬಿಟ್ಟು ಅತ್ತೀನಿ. ಇಲ್ಲೇ ಬಿಡ್ರಿ!" ಅರವತ್ತು ವರ್ಷದ ಮನುಷ್ಯನ ಕಣ್ಣಲ್ಲಿ ಖರೇ ನೀರು ಬಂದಿತ್ತು.

ಕಲ್ಲವ್ವ ಮಗನ ಕಣ್ಣೀರು ನೋಡಿದಳು. ಆಮೇಲೆ ನಿಟ್ಟುಸಿರುಬಿಟ್ಟು, "ಆತು. ನನ್ನ ಕಾಲ ಹೆಂಗೂ ಮುಗೀಲಿಕ್ಕೆ ಬಂತು. ಈ ಶನಿ ಇಲ್ಲೇ ಇರ್ಲಿ, ಹುಡುಗಿ ನರಗುಂದಕ್ಕ ಹೋಗಿ ಸುಖವಾಗಿರ್ಲಿ" ಎಂದಳು.

ಅನಿಲಕುಮಾರ ಕಾರಿನ ಕೀಲಿಯನ್ನು ನೀಲಪ್ಪನವರ ಕೈಯಲ್ಲಿಟ್ಟ. ಅಜ್ಜಪ್ಪ ಬುಟ್ಟಿಯನ್ನು ಮತ್ತೆ ಕೆಳಗಿಟ್ಟ. ಎಲ್ಲರಿಗೂ ಸಕ್ಕರೆ ಹಂಚಿದ್ದಾಯಿತು. ಕಡೆಗೆ, ರೂಢಿಯ ಪ್ರಕಾರ, ಹುಡುಗಿಯನ್ನೂ ಒಂದು ಮಾತು ಕೇಳೋಣವೆಂದು ನೀಲಪ್ಪನವರು, "ಏನವ್ವಾ ಶ್ವೇತಾ, ಒಪ್ಪಿಗಿ ಐತೆಲ್ಲ?" ಎಂದರು.

ಶ್ವೇತಾ ಬಾನೆಟ್ಟಿನಿಂದ ತಲೆ ಎತ್ತಿದಳು. ಕೈಗೆ ಗ್ರೀಸ್ ಆಗಿತ್ತು.

"ಇಲ್ಲಪ್ಪಾ. ಇಂಥಾ ಗಾಡಿ ರಿಪೇರಿ ಮಾಡ್ಕೋತ ಜೀವನ ಮಾಡಬಹುದಲ್ಲ ಅಂತ ನಾ ನರಗುಂದಕ್ಕ ಹೂಂ ಅನ್ನಬೇಕಂತಿದ್ದೆ. ಈಗ ಗಾಡಿ ನಮ್ಮ ಮನಿಗೇ ಬಂದೇತಿ. ಇನ್ನ ಅಲ್ಲಿಗೆ ಯಾಕ ಹೋಗ್ಲಿ?"

ಕೊಟ್ಟ ಕೀಲಿಯನ್ನು ತಿರುಗಿ ಕೇಳುವ ಬಾಯಿ ಅನಿಲಕುಮಾರನಿಗೆ ಇರಲಿಲ್ಲ. ನೀಲಪ್ಪನವರು ಆಗಲೇ ಕಾರಿನ ಕೆಳಗೆ ಹೊಕ್ಕಿದ್ದರು. ಅವರ ಪಕ್ಕಕ್ಕೆ ಮದರಸಾಬನ ಕಾಲೂ ಕಾಣುತ್ತಿದ್ದವು. "ಅಣ್ಣಾರ, ನೀವು ಮುಂದ ನಡೀರಿ, ಶ್ವೇತಾ ಅಕ್ಕಾರಿಗೆ ಒಂದೀಟು ತೋರಿಸಿ ಬರ್ತೀನಿ" ಎಂದಿತು ಅವನ ದನಿ. ಅಜ್ಜಪ್ಪ ಉಣ್ಣದೆ ಏಳುವ ಪೈಕಿಯಲ್ಲ. ಅನಿಲಕುಮಾರ ಒಬ್ಬನೇ ಬಸ್ ಸ್ಟ್ಯಾಂಡಿಗೆ ನಡೆದ.

ರೋಣದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತ ಪೇಟದ ಹಿರಿಯರು ಮೂಗರಳಿಸಿ ಪೆಟ್ರೋಲಿನ ವಾಸನೆ ನೋಡಿ, ಸ್ವಲ್ಪ ಸರಿದು ಕೂತು, ಮಾತಿಗೆಳೆದರು.

"ಮುಂಜಾನಿ ಈ ರಸ್ತೇಕ ಒಂದು ಉದ್ದನ ಕಾರು ಹೋತಂತಲ್ರಿ. ನೀವೇನರ ನೋಡಿದ್ರೇನು? ಯಾರದ್ರಿ ಅದು?"

ಅನಿಲಕುಮಾರ ಕಿಟಕಿಯ ಹೊರಗೆ ನೋಡುತ್ತ, "ಗಜೇಂದ್ರಗಡದ ಒಬ್ಬ ಹುಡುಗೀದ್ರಿ" ಎಂದ.

"ಲಗ್ನ ಆಗೇತೇನು ಆಕೀದು?"

"ಇನ್ನೂ ಇಲ್ರಿ."

"ಆಕೀನ್ನ ಮಾಡಿಕೊಳ್ಳಾಂವ ಭಾಳ ಪುಣ್ಯಾ ಮಾಡಿರಬೇಕು ಬಿಡ್ರಿ" ಎಂದು ಹಿರಿಯರು ಕಣ್ಣು ಮುಚ್ಚಿದರು. ಅನಿಲಕುಮಾರ ಹೌದೆಂದು ತಲೆಯಾಡಿಸಿ, ಟಿಕೆಟ್ ತೆಗೆಸಲು ಕಂಡಕ್ಟರನನ್ನು ಕರೆದ.