ನಾನು ಕಟ್ಟಿದ ಬಬಲೇಶ್ವರದ ಜೀಪು

ಗೋಳಗುಮ್ಮಟದ ಹತ್ತಿರ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ. ಎಷ್ಟೋ ಮದುಮಕ್ಕಳ ಹಿಂದೆ ಕಂಪ್ಯೂಟರಿನಲ್ಲೇ ಹಿಮಾಲಯ ನಿಲ್ಲಿಸಿದವನು ನಾನು. ಅಂಥವನಿಗೆ ಒಂದು ಆಟ ಕಟ್ಟುವುದು ಯಾವ ಮಹಾ ಕೆಲಸ! ಜಾವಾಸ್ಕ್ರಿಪ್ಟ್‌ನಲ್ಲಿ ಆಟ ಕಟ್ಟುವ ಎಂಜಿನ್ನೊಂದನ್ನು ವಿಡಿಯೊದಲ್ಲಿ ನೋಡಿದೆ. ಎಲ್ಲವೂ ಬಿಡಿಬಿಡಿ ಮಾಡ್ಯೂಲುಗಳು. ಸದ್ದಿಗೊಂದು, ಗುರುತ್ವಕ್ಕೊಂದು, ವಸ್ತುಗಳು ಒಂದಕ್ಕೊಂದು ತಾಗುವುದಕ್ಕೊಂದು. ಬೇಕಾದ್ದನ್ನು ಮಾತ್ರ ಜೋಡಿಸಿಕೊಂಡರಾಯಿತು. ಬಬಲೇಶ್ವರದಿಂದ ವಿಜಯಪುರಕ್ಕೆ ಜೀಪು ಓಡಿಸುವ ಆಟ ಮಾಡುತ್ತೇನೆಂದು ಆ ಕ್ಷಣವೇ ಘೋಷಿಸಿಬಿಟ್ಟೆ!

ಘೋಷಣೆ ಮನೆಯೊಳಗೇ ಉಳಿದಿದ್ದರೆ ಚೆನ್ನಾಗಿತ್ತು. ಹೆಂಡತಿ ಸುಮಿತ್ರಾ ಅದನ್ನು ಘೋಣಸಗಿಯ ತವರಿಗೆ ಫೋನಿನಲ್ಲಿ ಮುಟ್ಟಿಸಿದಳು. ಆಕೆಯ ತಮ್ಮ ಬಸು ತಿಕೋಟಾ ದಾರಿಯಲ್ಲಿ ನಿಜವಾದ ಜೀಪು ಓಡಿಸುವವನು. ಭಾನುವಾರ ಅವ್ವನನ್ನು ಕರೆದುಕೊಂಡು ಆಟ ನೋಡಲು ಬರುತ್ತೇನೆಂದ.

"ನಮ್ಮ ಮನಿಯವರು ಭಾಳ ಶಾಣ್ಯಾ, ಭಾಳ ಬುದ್ಧಿವಂತರು ಅಂತ ಹೇಳೀನ್ರಿ. ತವರ ಮಂದಿ ಮುಂದ ನನ್ನ ಮರ್ಯಾದಿ ಕಳೀಬ್ಯಾಡ್ರಿ" ಎಂದಳು ಸುಮಿತ್ರಾ.

"ನೀ ಹೋಳಿಗಿ ಚಿಂತಿ ಮಾಡು. ಜೀಪಿನ ಚಿಂತಿ ನನಗ ಬಿಡು!"

ಗುರುತ್ವದ ಮಾಡ್ಯೂಲ್ ಜೋಡಿಸಿದೆ. ಅಪಘಾತ ಮಾಡುವ ಉದ್ದೇಶ ನನಗಿಲ್ಲದ ಕಾರಣ ತಾಗುವ ಮಾಡ್ಯೂಲನ್ನು ಕೈಬಿಟ್ಟೆ. ಗುಂಡಿ ಒತ್ತಿದೆ. ಜೀಪು ರಸ್ತೆಯನ್ನು ತೂರಿಕೊಂಡು ಕೆಳಗಿಳಿದು ಮಾಯವಾಯಿತು!

"ಜೀಪ ಎಲ್ಲಿ ಹೋತ್ರಿ?" ಹಿಂದೆ ನಿಂತಿದ್ದ ಸುಮಿತ್ರಾ ಕೇಳಿದಳು.

"ಪಾತಾಳಕ್ಕ."

"ವಿಜಾಪುರಕ್ಕ ಹೊಂಟೈತಿ ಅಂದಿದ್ರಲ್ಲ!"

ಚಕ್ರ ರಸ್ತೆಗೆ ತಾಗದಿದ್ದರೆ ಜೀಪು ನಿಲ್ಲುವುದಾದರೂ ಹೇಗೆ! ತಾಗುವ ಮಾಡ್ಯೂಲನ್ನೂ ತಂದು ಜೋಡಿಸಿದೆ. ಜೀಪು ರಸ್ತೆಯ ಮೇಲೆ ನಿಂತಿತು. ಕುಣಿದಾಡಿಬಿಟ್ಟೆ! ಆದರೆ ಹತ್ತಲು ಬಂದ ಪ್ರಯಾಣಿಕರು ಜೀಪಿಗೆ ತಾಗಿ ಚೆಂಡಿನಂತೆ ಪುಟಿದರು. ಅದನ್ನೂ ಸರಿಪಡಿಸಿದೆ. ಉಳಿದದ್ದು ಜೀಪು ಯಾವಾಗ ಹೊರಡಬೇಕೆಂಬ ನಿಯಮ. ಇಂಥವಕ್ಕೆಲ್ಲ ಒಂದು ಗರಿಷ್ಠ ಸಂಖ್ಯೆ ಕೊಡಿ ಎಂದು ಎಂಜಿನ್ನಿನ ಪಾಠದಲ್ಲಿತ್ತು. ಜೀಪಿಗೆ ಗರಿಷ್ಠ ಸಂಖ್ಯೆಯೇ? ಪಾಪ, ನಮ್ಮ ದಾರಿ ಕಾಣದವರು! ನಾನು ಕಂಡದ್ದನ್ನು ಕಂಡಂತೆ ಬರೆದೆ. ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಳ್ಳಬೇಕು, ಕೈ ಮಾಡುವವರು ಮುಗಿದ ಮೇಲೆ ಹೊರಡಬೇಕು. ಸಂತೆಯ ದಿನ ನೋಡಿ, ಹೊಸ ಮಂದಿ ಬರುತ್ತಲೇ ಇರಲಿ ಎಂದೂ ಬರೆದೆ. ಓಡಿಸಿ ನೋಡುವ ಮೊದಲೇ ಭಾನುವಾರ ಬಂತು, ಬಾಗಿಲಲ್ಲಿ ಬೀಗರು!

ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದೆ. ಸ್ಟ್ಯಾಂಡಿಗೆ ಜೀಪು ಬಂದು ನಿಂತಿತು. ಮಂದಿ ಹತ್ತಿದರು. ಒಳಗೆ, ಹಿಂದೆ, ಟಾಪಿನ ಮೇಲೆ.

"ಯಪ್ಪಾ, ಥೇಟ್ ನಮ್ಮ ಜೀಪ ಇದ್ದಂಗ ಐತಿ!" ಬಸು ಚಪ್ಪಾಳೆ ತಟ್ಟಿದ. ಸುಮಿತ್ರಾಳ ಮುಖ ಅರಳಿತು. ನನಗಂತೂ ಹಿಗ್ಗೋ ಹಿಗ್ಗು.

ಹೋಳಿಗೆ ಮುಗಿಯಿತು. ಮಂದಿ ಹತ್ತುವುದು ಮುಗಿಯಲಿಲ್ಲ. ಟಾಪಿನ ಮೇಲಿನ ತಲೆಗಳು ಮೋಡ ಮುಟ್ಟಿದವು. ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು.

"ಮಾಮಾ, ಯಾವಾಗ ಬಿಡತೈತ್ರಿ?" ಬಸು ಕೇಳಿದ.

"ತುಂಬಿದ ಮ್ಯಾಲ."

"ಎಷ್ಟ ಮಂದಿಗೆ ತುಂಬತೈತಿ?"

ಆಗ ಹೊಳೆಯಿತು. ಬರುವವರಿಗೆ ಕೊನೆಯೇ ಇಡದೆ, ಎಲ್ಲರೂ ಹತ್ತಿದ ಮೇಲೆ ಹೊರಡು ಎಂದಿದ್ದೆನಲ್ಲ!

"ನಾನೂ ಹಿಂಗ ತುಂಬತೀನ್ರಿ ಮಾಮಾ" ಎಂದ ಬಸು ನಗು ತಡೆಯಲಾರದೆ, "ಆದ್ರ ಕಡೀಕ ಬಿಡತೀನಿ!"

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. "ತಪ್ಪ ತಿಳೀಬ್ಯಾಡ್ರಿ ಅಳಿಯಂದ್ರ. ನಿಮ್ಮ ಜೀಪ ಹೊರಡೂದು ತಡಾ ಆಗತೈತಿ. ನಾವು ನಮ್ಮ ಜೀಪಿಗೇ ಹೋಗತೇವ್ರಿ."

ಅಷ್ಟರಲ್ಲಿ ಟಿವಿ ಕಪ್ಪಾಯಿತು. ಸುಮಿತ್ರಾ ಅವ್ವನನ್ನೂ ತಮ್ಮನನ್ನೂ ಬೀಳ್ಕೊಡಲು ಅಂಗಳಕ್ಕೆ ಹೋದಳು. ನಾನು ಕಿಟಕಿಗೆ ಕಿವಿಗೊಟ್ಟು ನಿಂತೆ.

"ಹಂಗ ನಗಬ್ಯಾಡೋ ಬಸು" ಎನ್ನುತ್ತಿದ್ದಳು. "ನಮ್ಮ ಮನಿಯವರು ಭಾಳ ಒಳ್ಳೇವ್ರು."

ಶಾಣ್ಯಾತನದ ಸುದ್ದಿಯನ್ನೇ ಎತ್ತಲಿಲ್ಲ!