ಸಿಂಗಸಂದ್ರದ ತಿರುವಿನಲ್ಲಿ ನನ್ನ ಬಸ್ಸು

"ಪ್ರಭಾ, ಬರೆದಿಟ್ಕೋ! ಇನ್ಮೇಲೆ ಈ ಕೃಷ್ಣಸ್ವಾಮಿ ಕೈಯಿಂದ ಒಂದೇ ಒಂದು ಸುಳ್ಳು ಇಟ್ಟಿಗೆ ಕೂಡ ಹೊರಗೆ ಬೀಳಲ್ಲ!" ಎಂದು ಭಾನುವಾರ ಬೆಳಗ್ಗೆ ಕಾಫಿ ಲೋಟ ಎತ್ತಿ ಹಿಡಿದು ಘೋಷಿಸಿದೆ.

"ಮೊದ್ಲು ಆ ಲೋಟ ಕೆಳಗಿಡಿ, ಚೆಲ್ತಿದೆ" ಎಂದಳು ನನ್ನ ಧರ್ಮಪತ್ನಿ.

ಇತಿಹಾಸದಲ್ಲಿ ಮಹಾಪುರುಷರ ಪ್ರತಿಜ್ಞೆಗಳನ್ನೆಲ್ಲ ಹೆಂಡತಿಯರು ಹೀಗೇ ಕೇಳಿಸಿಕೊಂಡಿರಬೇಕು. ಇರಲಿ. ಈಗ ಇದನ್ನೆಲ್ಲ ನಗುತ್ತಾ ಬರೆಯುತ್ತಿದ್ದೇನೆ, ಏಕೆಂದರೆ ಮನೆ ಉಳಿದಿದೆ, ಕೊಟ್ಟಿಗೆ ಉಳಿದಿದೆ, ಮಾನ ಮಾತ್ರ ಸ್ವಲ್ಪ ಮುಕ್ಕಾಗಿದೆ.

ಹಗಲು ಹೊತ್ತು ನಾನು ಜಿಗಣಿಯ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬಿಡಿಸುವ ನೌಕರ. ಸಂಜೆಯಾದರೆ ಸಾಕ್ಷಾತ್ ವಿಶ್ವಕರ್ಮ! ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟವೊಂದಿದೆ. ಆಟ ತಯಾರಿಸಿದವರು ಕೊಟ್ಟ ರಸ್ತೆ, ಮನೆ, ಮರಗಳನ್ನು ಕಿತ್ತು ಅಲ್ಲಿ ನಮ್ಮದೇ ಊರನ್ನು ಕೂರಿಸಬಹುದು. ಇದಕ್ಕೆ ಮಾಡ್ ಅನ್ನುತ್ತಾರೆ. ನಾನು ಮಾಡಿ ಬಿಟ್ಟದ್ದನ್ನು ಇತರರು ಇಳಿಸಿಕೊಂಡು ಆಡುತ್ತಾರೆ, ಕೆಳಗೆ ಅಭಿಪ್ರಾಯ ಬರೆಯುತ್ತಾರೆ. ನನ್ನ ಮೊದಲ ಮಾಡ್‌ನಲ್ಲಿ ನಮ್ಮ ಸಿಂಗಸಂದ್ರದ ಬೀದಿಗೆ ಎರಡೂ ಕಡೆ ಹೂವಿನ ಮರ, ಅಗಲವಾದ ಕಾಲುದಾರಿ, ಚರಂಡಿ ಇರಬೇಕಾದ ಜಾಗದಲ್ಲಿ ಹಂಸಗಳು ತೇಲುವ ಕೊಳ ಕೊಟ್ಟಿದ್ದೆ. ಪೀಣ್ಯದ ವಿಶ್ರುತ್ ಎಂಬ ಆಟಗಾರ, ನಾನು ಅವನ ಮುಖ ನೋಡಿದವನಲ್ಲ, ಕೆಳಗೆ ಬರೆದ: "ಗುರು, ಇದು ಸಿಂಗಸಂದ್ರನಾ ಸ್ವರ್ಗನಾ? ಸತ್ತ ಮೇಲೆ ಓಡಿಸ್ತೀನಿ ಬಿಡು."

ನನಗೆ ನಖಶಿಖಾಂತ ಉರಿಯಿತು! ಆವತ್ತೇ ತೀರ್ಮಾನಿಸಿದೆ. ಈ ಸಲ ಕಲ್ಪನೆಗೆ ಬಾಗಿಲು ಬಂದ್. ಬೀದಿ ಇದ್ದದ್ದು ಇದ್ದ ಹಾಗೆ ಬರಬೇಕು, ಸಗಣಿ ಸಮೇತ.

"ಸ್ವಲ್ಪ ನಿಜ, ಸ್ವಲ್ಪ ಕನಸು ಎರಡೂ ಇರ್ಲಿ ಕಣ್ರೀ" ಎಂದಳು ಪ್ರಭಾ. "ಚರಂಡಿ ನೋಡೋಕೆ ಕಂಪ್ಯೂಟರ್ ಯಾಕೆ, ಕಿಟಕಿ ಸಾಲ್ದಾ?"

"ಕಲೆ ಅಂದ್ರೆ ನಿನಗೇನು ಗೊತ್ತು?"

"ಕಲೆ ಗೊತ್ತು. ನಿಮ್ಮ ಶರ್ಟಿಂದ ವಾರವಾರ ತೆಗೀತಿರೋದು ನಾನೇ."

ನಾನು ನೇರವಾಗಿ ಕಾರ್ಯಕ್ಷೇತ್ರಕ್ಕೆ ಇಳಿದೆ. ಬೀದಿಯಲ್ಲಿ ಗಾಡಿಗಳ ಕಾಟ ಎಂದು ಕಾರ್ಖಾನೆಯ ಕಿತ್ತಳೆ ಜಾಕೆಟ್ ತೊಟ್ಟೆ. ಬಿಸಿಲಿಗೆ ಹಳದಿ ಹೆಲ್ಮೆಟ್ಟು. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಕೈಯಲ್ಲಿ ಅಳತೆ ಟೇಪು. ಟೇಪಿನ ಇನ್ನೊಂದು ತುದಿ ಹಿಡಿಯಲು ಪ್ರಭಾಳನ್ನು ಕರೆದರೆ ಅವಳು ಬರಲಿಲ್ಲ. ಆ ತುದಿಯ ಮೇಲೆ ಕಲ್ಲು ಹೇರಿ ಅಳೆದೆ! ಗೋಡೆ, ಗೇಟು, ಮೆಟ್ಟಿಲು, ಒಂದನ್ನೂ ಬಿಡದೆ ಫೋಟೋ ಹೊಡೆದೆ. ಯಾವ ಫೋಟೋ ಯಾವ ಗೋಡೆಯದು ಎಂದು ಆಮೇಲೆ ಗೊಂದಲವಾಗಬಾರದಲ್ಲ? ಅದಕ್ಕೆ ಕಾರ್ಖಾನೆಯಲ್ಲಿ ಕಬ್ಬಿಣದ ಮೇಲೆ ಗುರುತು ಹಾಕುವ ಕೆಂಪು ಬಣ್ಣದ ಪೆನ್ನಿನಿಂದ ಪ್ರತಿ ಕಾಂಪೌಂಡಿನ ಮೇಲೂ ಒಂದು ಬಾಣ, ಪಕ್ಕದಲ್ಲೊಂದು ನಂಬರು ಬರೆದೆ. ಎಂಥ ಶಿಸ್ತು! ಎಂಥ ವೈಜ್ಞಾನಿಕ ವಿಧಾನ!

ಬೆಂಗಳೂರಿನಲ್ಲಿ ಕಿತ್ತಳೆ ಜಾಕೆಟ್ಟಿನವನೊಬ್ಬ ಟೇಪು ಹಿಡಿದು ಬಂದು ಕಾಂಪೌಂಡಿನ ಮೇಲೆ ಕೆಂಪು ಗುರುತು ಹಾಕಿ ಹೋದರೆ ಜನ ಏನಂದುಕೊಳ್ಳುತ್ತಾರೆ ಎಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ನನಗೆ ಗೊತ್ತಾಗಲಿಲ್ಲ. ಎದುರುಮನೆಯ ರೇವಣಸಿದ್ದ ಹಲ್ಲುಜ್ಜುವುದನ್ನು ಅರ್ಧಕ್ಕೆ ನಿಲ್ಲಿಸಿ, "ಏನ್ ಸಾರ್, ನಮ್ದು ಎಷ್ಟಡಿ ಬರ್ತದೆ?" ಎಂದು ಕೇಳಿದಾಗ, "ಪೂರ್ತಿ ಬರುತ್ತೆ, ಯೋಚನೆ ಮಾಡ್ಬೇಡಿ!" ಎಂದು ಅಭಯ ನೀಡಿದೆ. ಪಾಪ, ಆತ ಬ್ರಷ್ ನುಂಗದಿದ್ದದ್ದೇ ಪುಣ್ಯ.

ನಾವಿರುವುದು ಶ್ಯಾಮಣ್ಣ ಮತ್ತು ಅಂಜಿನಮ್ಮ ದಂಪತಿಗಳ ಮನೆಯ ಮೊದಲ ಮಹಡಿಯಲ್ಲಿ. ಸಿಂಗಸಂದ್ರ ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇರುವ ಒಕ್ಕಲು ಕುಟುಂಬ ಅವರದು. ಹೊಲವಿದ್ದಲ್ಲೆಲ್ಲ ಈಗ ಮನೆಗಳು. ಉಳಿದಿರುವುದು ರಸ್ತೆಯ ತಿರುವಿಗೆ ಅಂಟಿಕೊಂಡ ಒಂದು ಕೊಟ್ಟಿಗೆ, ಅದರಲ್ಲಿ ಚುಕ್ಕಿ ಎಂಬ ಹಸು. ಅಂಜಿನಮ್ಮನ ಪ್ರಾಣವೆಲ್ಲ ಆ ಚುಕ್ಕಿಯ ಮೇಲೆ. ಬೆಳಗ್ಗೆ ಎದ್ದು ಗಂಡನಿಗಿಂತ ಮೊದಲು ಹಸುವನ್ನೇ ಮಾತಾಡಿಸುತ್ತಾರೆ.

ಕೆಲಸ ಭರದಿಂದ ಸಾಗಿತು. ಅವರ ಮನೆ ನನ್ನ ಪರದೆಯ ಮೇಲೆ ಎದ್ದು ನಿಂತಿತು. ಪಾಚಿ ಹಿಡಿದ ಕಾಂಪೌಂಡು, ತಾರಸಿಯ ಮೇಲೆ ಮೀಸೆ ತಿರುವಿದ ದೃಷ್ಟಿಗೊಂಬೆ, ತಂತಿಯ ಮೇಲೆ ಅಂಜಿನಮ್ಮನ ಹಸಿರು ಸೀರೆ, ಮೆಲುಕು ಹಾಕುವ ಚುಕ್ಕಿ, ಎಲ್ಲವೂ ತದ್ರೂಪು. ತೊಂದರೆ ಒಂದೇ. ಬಸ್ಸು ತಿರುವಿನಲ್ಲಿ ತಿರುಗಲೊಲ್ಲದು! ಮುಂದೆ ಹೋದರೆ ಕೊಟ್ಟಿಗೆ, ಹಿಂದೆ ಬಂದರೆ ರೇವಣಸಿದ್ದನ ಗೇಟು. ಪ್ರತಿಜ್ಞೆ ಸ್ವಲ್ಪ ಸಡಿಲಿಸಿದೆ. ಇಡೀ ಬೀದಿ ನಿಜವೇ ಇರುವಾಗ ಒಂದು ಚೂರು ಕಲ್ಪನೆ ಸೇರಿಸಿದರೆ ಯಾರಿಗೇನು ನಷ್ಟ? ಕೊಟ್ಟಿಗೆಯನ್ನು ಅಳಿಸಿದೆ. ಮನೆಯ ಮುಂದಿನ ಮೆಟ್ಟಿಲು, ವರಾಂಡ ಕತ್ತರಿಸಿದೆ. ರಸ್ತೆ ಅಗಲವಾಯಿತು. ಚುಕ್ಕಿಯನ್ನು ರಸ್ತೆಯ ಪಕ್ಕದಲ್ಲಿ ನಿಲ್ಲಿಸಿದೆ.

ಆ ಹೊತ್ತಿಗೆ ಸರಿಯಾಗಿ ಅಂಜಿನಮ್ಮ ಒಂದು ಬಟ್ಟಲು ಬಸ್ಸಾರು ತಂದರು. ನನಗೋ ಉಬ್ಬು! "ಬನ್ನಿ ಅಂಜಿನಮ್ನೋರೇ, ನೋಡಿ, ನಿಮ್ಮ ಮನೆ!"

ಅವರು ಪರದೆಯ ಹತ್ತಿರ ಬಂದರು. ಸೀರೆ ನೋಡಿದರು, ಗೊಂಬೆ ನೋಡಿದರು. ಮುಖ ಅರಳಿತು. ಆಮೇಲೆ ಕಣ್ಣು ತಿರುವಿನ ಕಡೆ ಹೋಯಿತು.

"ಕೊಟ್ಟಿಗೆ ಎಲ್ಲಪ್ಪಾ?"

"ತೆಗೆದ್ಬಿಟ್ಟೆ. ಇಲ್ದಿದ್ರೆ ಬಸ್ ತಿರುಗಲ್ಲ."

"ನಮ್ಮ ವರಾಂಡ?"

"ಅದೂ ಹೋಯ್ತು. ರಸ್ತೆ ಎಷ್ಟು ಲಕ್ಷಣವಾಗಿದೆ ನೋಡಿ!"

"ಯಾವಾಗ ಇದು?"

"ಶನಿವಾರ! ಪೀಣ್ಯದವರೆಗೂ ಜನ ಕಾಯ್ತಿದ್ದಾರೆ!"

ಅಂಜಿನಮ್ಮ ಬಸ್ಸಾರಿನ ಬಟ್ಟಲನ್ನು ಅಲ್ಲೇ ಇಟ್ಟು ಒಂದು ಮಾತೂ ಆಡದೆ ಇಳಿದು ಹೋದರು. ನನ್ನ ಕಲೆ ನೋಡಿ ಮೂಕರಾದರು ಎಂದು ನಾನು ಬಗೆದೆ. ಬಸ್ಸಾರು ತುಂಬಾ ರುಚಿಯಾಗಿತ್ತು.

ಮರುದಿನ ಬೆಳಗ್ಗೆ ದಢ್ ದಢ್ ಎಂಬ ಸದ್ದಿಗೆ ಎಚ್ಚರವಾಯಿತು. ಕಿಟಕಿಯಿಂದ ಇಣುಕಿದ ಪ್ರಭಾ ಕಿರುಚಿದಳು: "ರೀ, ಕೊಟ್ಟಿಗೆ ಒಡೀತಿದ್ದಾರೆ!"

ಲುಂಗಿಯಲ್ಲೇ ಓಡಿದೆ. ಮೇಸ್ತ್ರಿ ಆವಲಪ್ಪ ಸುತ್ತಿಗೆ ಹಿಡಿದು ಕೊಟ್ಟಿಗೆಯ ಗೋಡೆ ಏರಿದ್ದ. ಆಗಲೇ ಒಂದು ಸಾಲು ಇಟ್ಟಿಗೆ ಕೆಳಗೆ ಬಿದ್ದಿತ್ತು. ರಸ್ತೆಯಲ್ಲಿ ಟೆಂಪೋ ನಿಂತಿತ್ತು. ಚುಕ್ಕಿಯ ಹಗ್ಗ ಹಿಡಿದು ಅಂಜಿನಮ್ಮ ಅಳುತ್ತಿದ್ದರು. ಸುತ್ತಲೂ ಬೀದಿಯ ಜನ ನೆರೆದಿದ್ದರು.

"ಶ್ಯಾಮಣ್ಣೋರೇ! ಏನಿದು?"

"ಇನ್ನೇನು ಮಾಡಾದು?" ಶ್ಯಾಮಣ್ಣ ನನ್ನ ಮುಖ ನೋಡಲಿಲ್ಲ. "ರೋಡ್ ಅಗಲ ಮಾಡಾಕೆ ಜೆಸಿಬಿ ಬಂದ್ರೆ ಅದಕ್ಕೇನು ಗೊತ್ತಾಯ್ತದೆ, ಕೊಟ್ಟಿಗೆ ಜೊತೆ ಮನೇನೂ ಎಳ್ಕಂಡು ಓಯ್ತದೆ. ನಾವೇ ಬಿಡಿಸ್ಕಂಡ್ರೆ ಮನೆ ಆದ್ರೂ ಉಳೀತದೆ. ಹಸೂನ ಆನೇಕಲ್‌ನಾಗೆ ನಮ್ಮ ತಂಗಿ ಮನೇಗೆ ಬಿಡ್ತೀವಿ. ನೀವೂ ಬೇರೆ ಮನೆ ನೋಡ್ಕಳಿ."

"ಅಯ್ಯೋ, ಅದು ಆಟ ಶ್ಯಾಮಣ್ಣೋರೇ! ಬಸ್ ಓಡ್ಸೋ ಆಟ!"

"ಗೋಡೆ ಮೇಲಿನ ಕೆಂಪು ಗುರುತೂ ಆಟನಾ?"

"ಅದು ನಾನೇ ಹಾಕಿದ್ದು!"

"ಅದೇ ಕಣಪ್ಪ. ನೀನೇ ಆಕಿದ್ದು ಅಂತ ಬೀದಿಗೆಲ್ಲಾ ಗೊತ್ತೈತೆ."

ಅಂಜಿನಮ್ಮ ಕಣ್ಣೊರೆಸಿಕೊಂಡು ನುಡಿದರು: "ನನ್ನ ಸೀರೆ ಐತೆ, ಗೊಂಬೆ ಮೀಸೆ ಐತೆ, ಚುಕ್ಕಿ ಮೈಮೇಲಿನ ಮಚ್ಚೆ ಐತೆ. ಅಂಗೇ ಇರೋದನ್ನ ಬರೆದು ಆಟ ಅಂತೀಯಲ್ಲಪ್ಪ. ಸರ್ಕಾರದ ನಕ್ಷೆ ಅಂತ ಬಾಯಿ ಬಿಟ್ಟು ಏಳಬಾರದಾ? ನಮ್ಮನೆ ಉಡುಗನಂಗೆ ನೋಡ್ಕಂಡಿದ್ನಲ್ಲೋ ನಿನ್ನ!"

ಆ ಮಾತು ಎದೆಗೇ ನಾಟಿತು. ಎಷ್ಟು ನಿಜವಾಗಿ ಬಿಡಿಸಿದ್ದೆನೋ ಅಷ್ಟೇ ನಿಜವಾಗಿ ನನ್ನ ಒಂದು ಸುಳ್ಳನ್ನೂ ಅವರು ನಂಬಿದ್ದರು. ನಾನು ಹತ್ತು ಬಾಯಲ್ಲಿ ಆಣೆ ಪ್ರಮಾಣ ಮಾಡಿದರೂ ಆವಲಪ್ಪನ ಸುತ್ತಿಗೆ ಮತ್ತೆ ಮೇಲೆದ್ದಿತು.

"ನಿಲ್ಸಿ!" ಎಂದಳು ಪ್ರಭಾ. ಬೀದಿಯೇ ತಿರುಗಿ ನೋಡಿತು. "ಎಲ್ರೂ ಮೇಲೆ ಬನ್ನಿ. ನಿಮ್ಮ ಕಣ್ಣಾರೆ ನೋಡಿ, ಆಮೇಲೆ ಒಡೀರಿ."

ಸುತ್ತಿಗೆ ಸಮೇತ ಆವಲಪ್ಪ, ಶ್ಯಾಮಣ್ಣ, ಅಂಜಿನಮ್ಮ, ರೇವಣಸಿದ್ದ, ಮೂಲೆಮನೆಯ ಚನ್ನಬಸಮ್ಮ, ಎಲ್ಲರೂ ನಮ್ಮ ಪುಟ್ಟ ಹಾಲಿನಲ್ಲಿ ಒತ್ತೊತ್ತಾಗಿ ನಿಂತರು. ನಾನು ಕುರ್ಚಿಯ ಕಡೆ ಹೋದೆ.

"ನೀವು ಸರೀರಿ" ಎಂದು ಪ್ರಭಾ ತಾನೇ ಕೂತಳು. ಸೈಕಲ್ಲನ್ನೂ ಓಡಿಸದ ನನ್ನ ಹೆಂಡತಿ ಬಸ್ಸು ಹೊರಡಿಸಿದಳು! ಬಸ್ಸು ಚರಂಡಿ ದಾಟಿತು, ಕಂಬ ಸವರಿತು, ತಿರುವಿಗೆ ಬಂತು, ನೇರವಾಗಿ ಚುಕ್ಕಿಯ ಮೇಲೆ ನುಗ್ಗಿತು.

"ಪ್ರಭಾ! ಬ್ರೇಕು! ಬ್ರೇಕು!"

"ಅಯ್ಯೋ ನನ್ನ ಚುಕ್ಕೀ!" ಅಂಜಿನಮ್ಮ ಕಣ್ಣು ಮುಚ್ಚಿಕೊಂಡರು.

ಬಸ್ಸು ಚುಕ್ಕಿಗೆ ಗುದ್ದಿತು. ಚುಕ್ಕಿ ಅಲ್ಲಾಡಲಿಲ್ಲ. ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ. ಬಸ್ಸೇ ಚಂಗನೆ ನೆಗೆದು, ಗಾಳಿಯಲ್ಲಿ ಲಾಗ ಹಾಕಿ, ನೀರಿನ ತೊಟ್ಟಿಯನ್ನೂ ದೃಷ್ಟಿಗೊಂಬೆಯನ್ನೂ ದಾಟಿ, ಚನ್ನಬಸಮ್ಮನ ಮನೆಯ ತೆಂಗಿನಮರದ ತುದಿಯಲ್ಲಿ ಸಿಕ್ಕಿಕೊಂಡು ಹಾರ್ನ್ ಬಾರಿಸತೊಡಗಿತು. ಸೀರೆಯ ಅಂಚಿನ ಜರಿಯನ್ನೂ ಬಿಡದೆ ಬಿಡಿಸಿದ ಮಹಾನ್ ನೈಜವಾದಿ ನಾನು, ಬಸ್ಸು ಹಸುವಿಗೆ ಗುದ್ದಿದರೆ ಏನಾಗಬೇಕು ಎಂಬುದನ್ನೇ ಆಟಕ್ಕೆ ಹೇಳಿರಲಿಲ್ಲ!

ಕೊನೆಗೆ ಆವಲಪ್ಪ ಸುತ್ತಿಗೆ ಕೆಳಗಿಟ್ಟ. "ಶ್ಯಾಮಣ್ಣ, ಸರ್ಕಾರದೋರು ಏನು ಬೇಕಾದ್ರೂ ಮಾಡ್ತಾರೆ. ಬಸ್ಸು ಮಾತ್ರ ತೆಂಗಿನಮರಕ್ಕೆ ಅತ್ತಿಸಾಕಿಲ್ಲ. ಇದು ಆಟಾನೇ."

ಅಂಜಿನಮ್ಮ ಬೆರಳ ಸಂದಿಯಿಂದ ನೋಡಿದರು. "ನಮ್ಮ ಚುಕ್ಕಿಗೇನೂ ಆಗ್ಲಿಲ್ವಾ?"

"ಏನೂ ಆಗಿಲ್ಲ. ಬಸ್ಸಿಗೇ ಆಗಿದ್ದು" ಎಂದಳು ಪ್ರಭಾ.

"ಇನ್ನೊಂದ್ಸಲ ಗುದ್ದು, ನೋಡಾನ!"

ಗುದ್ದಿದಳು. ಬಸ್ಸು ಮತ್ತೆ ಹಾರಿತು. ಅಂಜಿನಮ್ಮ ನಗಲು ಶುರುಮಾಡಿದವರು ಸೆರಗು ಬಾಯಿಗಿಟ್ಟುಕೊಂಡರೂ ನಿಲ್ಲಿಸಲಾಗಲಿಲ್ಲ. ಶ್ಯಾಮಣ್ಣ ನಕ್ಕರು, ರೇವಣಸಿದ್ದ ನಕ್ಕ. ನನಗೆ ಮಾತ್ರ ಅಳುವೇ ಬಂತು. ಅಬ್ಬಾ, ಬದುಕಿದೆ! ಟೆಂಪೋ ಖಾಲಿ ಹೋಯಿತು, ಚುಕ್ಕಿ ಕೊಟ್ಟಿಗೆಗೆ ಮರಳಿತು. ಬಿದ್ದ ಇಟ್ಟಿಗೆಗಳನ್ನು ಆವಲಪ್ಪ ಅಲ್ಲೇ ಕೂರಿಸಿದ, ಸಿಮೆಂಟು ಕಲಸಿದ್ದು ನಾನು. ಆಮೇಲೆ ಬಕೆಟ್ಟು, ಬ್ರಷ್ಷು ಹಿಡಿದು ಬೀದಿಯ ಕೆಂಪು ಗುರುತುಗಳನ್ನೆಲ್ಲ ತಿಕ್ಕಿದೆ. ಮೊದಲು ಅನುಮಾನದಿಂದ ನೋಡುತ್ತಿದ್ದ ಜನ ಈಗ ಕಾಂಪೌಂಡಿನ ಪಾಚಿಯನ್ನೂ ತೋರಿಸಿ, "ಸಾರ್, ಅದನ್ನೂ ಒಂಚೂರು" ಎಂದರು.

ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಆ ಸಂಜೆಯೇ ಅಂಜಿನಮ್ಮ ಬಂದು ಕೂತರು. "ನೋಡಪ್ಪ, ನಮ್ಮ ಕೊಟ್ಟಿಗೆ ತಿರ್ಗಾ ಕಟ್ಟು. ಇನ್ನೊಂದೀಟು ದೊಡ್ಡದು ಮಾಡು. ಚುಕ್ಕಿಗೆ ಒಂದು ಕರ ಆಕು."

"ಆಮೇಲೆ ಬಸ್ ತಿರುಗಲ್ವಲ್ಲ?"

"ಎದುರುಗಡೆ ರೇವಣಸಿದ್ದನ ಮನೆ ಕಡಿ."

ರೇವಣಸಿದ್ದ ಅವರ ಹಿಂದೆಯೇ ನಿಂತಿದ್ದ! "ಯಾಕಕ್ಕಾ? ಸಾರ್, ನಮ್ಮನೆಗೆ ರೋಡಿನವರ್ಗೂ ಬಾಲ್ಕನಿ ಹಾಕಿ, ಕೆಳಗೊಂದು ಕಾರು ನಿಲ್ಸಿ." ಶ್ಯಾಮಣ್ಣನಿಗೆ ಇನ್ನೆರಡು ಮಹಡಿ ಬೇಕಾಯಿತು, "ಇಲ್ಲಂತೂ ಆಗಾಕಿಲ್ಲ, ಅಲ್ಲಾದ್ರೂ ಎತ್ತು." ಚನ್ನಬಸಮ್ಮನಿಗೆ ಬಾಗಿಲ ಮುಂದೆ ತುಳಸಿಕಟ್ಟೆ, ಕಟ್ಟೆಗೆ ಮಂಟಪ. ಬೀದಿಯ ಕ್ಷಮೆ ಇನ್ನೂ ಹಸಿಯಾಗಿತ್ತು, ಯಾರಿಗೆ ಇಲ್ಲವೆನ್ನಲಿ? ಎಲ್ಲವನ್ನೂ ಹಾಕಿದೆ. ಬಸ್ಸು ಹಾರುವುದನ್ನೂ ಸರಿಮಾಡಿದೆ, ಈಗ ಹಸುವಿಗೆ ತಾಗಿದರೆ ತೆಪ್ಪಗೆ ನಿಲ್ಲುತ್ತದೆ.

"ಎಲ್ರಿಗೂ ವರ ಕೊಟ್ರಿ. ನನಗೆ?" ಎಂದಳು ಪ್ರಭಾ.

"ಕೇಳು ದೇವಿ!"

"ನಲ್ಲೀಲಿ ದಿನಾ ಕಾವೇರಿ ನೀರು."

ಮನೆ ಮುಂದೊಂದು ನಲ್ಲಿ ನೆಟ್ಟು ನೀರು ಧಾರಾಕಾರ ಹರಿಸಿದೆ.

ಶನಿವಾರ ಮಾಡ್ ಬಿಡುಗಡೆಯಾಯಿತು. ಇಷ್ಟೊಂದು ಸುಳ್ಳು ತುಂಬಿದ ಮೇಲೆ ವಿಶ್ರುತ್ ನನ್ನನ್ನು ಹರಿದು ಮುಕ್ಕುವುದು ಖಂಡಿತ. ಸಂಜೆ ಅವನ ಅಭಿಪ್ರಾಯ ಬಂತು. ಪ್ರಭಾಳಿಗೆ ಕೇಳಿಸುವಂತೆ ಓದಿದೆ:

"ಗುರುವೇ, ಅಡ್ಡಬಿದ್ದೆ! ಆಗ್ಲಿಂದ ಬಸ್ಸು ಒಂದಿಂಚು ಮುಂದೆ ಹೋಗ್ತಿಲ್ಲ. ಈ ಕಡೆ ಕೊಟ್ಟಿಗೆ, ಆ ಕಡೆ ಬಾಲ್ಕನಿ, ನಡುವೆ ಹಸು, ಪಕ್ಕದಲ್ಲಿ ಯಾರದೋ ಕಾರು. ಪಕ್ಕಾ ಸಿಂಗಸಂದ್ರ! ಇಷ್ಟು ನೈಜವಾದ ಮಾಡ್ ನಾನು ಜನ್ಮದಲ್ಲೇ ನೋಡಿಲ್ಲ. ಒಂದೇ ಒಂದು ಕಡೆ ಎಡವಿದ್ದೀಯ. ನಲ್ಲೀಲಿ ನೀರು ಬರ್ತಿದೆ."

ನಾನು ಗೆಲುವಿನಿಂದ ತಿರುಗಿದೆ. ಪ್ರಭಾ ಅಡುಗೆಮನೆಯಿಂದ ಖಾಲಿ ಬಿಂದಿಗೆ ತಂದು ನನ್ನ ಕೈಗಿಟ್ಟಳು.

"ಓದಿದ್ದು ಸಾಕು. ಕೆಳಗೆ ಹೋಗಿ ಸಂಪಿಂದ ಒಂದು ಬಿಂದಿಗೆ ನೈಜವಾದ ನೀರು ಹೊತ್ಕೊಂಡ್ ಬನ್ನಿ."